ಊರಿನ ಮೈದಾನ, ಯಾರ ಆಟ?

ಅಮೆರಿಕದ ನಾರ್ತ್ ಕರೊಲಿನಾ ರಾಜ್ಯದ ಷಾರ್ಲಟ್ ನಗರ. 1930ರ ದಶಕದ ಆರಂಭದ ಮಾತು. ಸುಮಾರು ಹತ್ತು ವರ್ಷದ ಕರಿಯ ಹುಡುಗನೊಬ್ಬ ಬಿಳಿಯರ ಗಾಲ್ಫ್ ಕ್ಲಬ್ಬಿನಲ್ಲಿ ಕ್ಯಾಡಿಯಾಗಿ ಸೇರಿಕೊಂಡ. ದಿನವಿಡೀ ಆಟಗಾರರ ಹಿಂದೆ ಚೀಲ ಹೊತ್ತು ನಡೆದರೆ ಕೈಗೆ ಬರುತ್ತಿದ್ದುದು ಅರವತ್ತು ಸೆಂಟು. ಅದರಲ್ಲಿ ಐವತ್ತನ್ನು ತಾಯಿಗೆ ಕೊಡುತ್ತಿದ್ದ. ಉಳಿದ ಹತ್ತು ಸೆಂಟು ಸಿಗಾರಿಗೆ! ಅಷ್ಟು ಸಣ್ಣ ವಯಸ್ಸಿಗೆ ಹತ್ತಿಕೊಂಡ ಆ ಚಟ ಅವನನ್ನು ಜೀವನಪರ್ಯಂತ ಬಿಡಲಿಲ್ಲ. ಗಾಲ್ಫ್ ಕೂಡ ಹಾಗೆಯೇ.

ಆ ಹುಡುಗನ ಹೆಸರು ಚಾರ್ಲಿ ಸಿಫೋರ್ಡ್. ಹುಟ್ಟಿದ್ದು 1922ರಲ್ಲಿ. ಅಮೆರಿಕದ ವೃತ್ತಿಪರ ಗಾಲ್ಫಿನಲ್ಲಿ ವರ್ಣಭೇದದ ಬಾಗಿಲನ್ನು ಒಡೆದವನೆಂದು ಇತಿಹಾಸ ಅವನನ್ನು ನೆನೆಯುತ್ತದೆ. ಆದರೆ ಅವನು ಆಟವನ್ನು ಪೂರ್ತಿಯಾಗಿ ಕೈವಶ ಮಾಡಿಕೊಂಡ ಜಾಗ ಯಾವುದು ಎಂದು ಹುಡುಕುತ್ತ ಹೋದರೆ ಸಿಗುವುದು ಶ್ರೀಮಂತರ ಕ್ಲಬ್ಬಲ್ಲ. ಫಿಲಡೆಲ್ಫಿಯಾ ನಗರಾಡಳಿತ ತನ್ನ ಪ್ರಜೆಗಳಿಗಾಗಿ ಕಟ್ಟಿದ ಒಂದು ಸಾಧಾರಣ ಸಾರ್ವಜನಿಕ ಮೈದಾನ. ಸಿಫೋರ್ಡನ ಕತೆಯ ಜೊತೆಗೆ ಅಂಥ ಮೈದಾನಗಳ ಕತೆಯೂ ಹೆಣೆದುಕೊಂಡಿದೆ. ಅದು ಇನ್ನೂ ಹೆಚ್ಚು ಕುತೂಹಲದ್ದು.

ಗಾಲ್ಫ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರವೇ ಬೇರೆ. ಎತ್ತರದ ಬೇಲಿ, ಗೇಟಿನಲ್ಲಿ ಕಾವಲುಗಾರ, ಒಳಗೆ ಹಸಿರು ರತ್ನಗಂಬಳಿ, ಮೆಂಬರುಗಳ ಕಾರು. ಬೆಂಗಳೂರಿನಲ್ಲಿ 1876ರಿಂದ ಗಾಲ್ಫ್ ಕ್ಲಬ್ಬಿದೆ. ಆದರೂ ಆ ಬೇಲಿಯ ಪಕ್ಕದ ರಸ್ತೆಯಲ್ಲಿ ಬಸ್ಸಿನಲ್ಲಿ ಹಾದುಹೋಗುವ ಎಷ್ಟೋ ಮಂದಿ ಗಾಲ್ಫ್ ಕೋಲನ್ನು ಕೈಯಲ್ಲಿ ಹಿಡಿದು ನೋಡಿದವರಲ್ಲ. ಹಿಡಿದವರಿದ್ದರೆ ಅದು ಇನ್ನೊಬ್ಬರ ಕೋಲನ್ನು, ಕ್ಯಾಡಿಯಾಗಿ. ಬೆಂಗಳೂರಿನಲ್ಲಿ ಹಾಗೆ ಚೀಲ ಹೊತ್ತು ಆಟ ಕಲಿತ ಚಿನ್ನಸ್ವಾಮಿ ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದಾಗ ಅದು ದೊಡ್ಡ ಸುದ್ದಿಯಾಯಿತು. ಕ್ಯಾಡಿ ಗೆಲ್ಲುವುದು ಸುದ್ದಿಯಾಗುತ್ತದೆ ಎಂಬುದರಲ್ಲೇ ಈ ಆಟ ಯಾರದೆಂದು ಜನ ತಿಳಿದಿದ್ದಾರೆ ಎಂಬುದೂ ಗೊತ್ತಾಗುತ್ತದೆ.

ಆದರೆ ಮೂಲದಲ್ಲಿ ಇದು ಹೀಗಿರಲಿಲ್ಲ. ಗಾಲ್ಫಿನ ತವರಾದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಪಟ್ಟಣದ ಕಡಲ ಬದಿಯ ಹುಲ್ಲುಗಾವಲು ಊರವರೆಲ್ಲರಿಗೂ ಸೇರಿದ್ದು. ನಮ್ಮ ಹಳ್ಳಿಗಳ ಗೋಮಾಳವಿದ್ದಂತೆ ಎನ್ನಬಹುದು. ಅಲ್ಲಿ ಮೊಲ ಸಾಕುವ ಹಕ್ಕು ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ನನಿಗೆ. ಗಾಲ್ಫ್ ಮತ್ತಿತರ ಆಟ ಆಡುವ ಹಕ್ಕು ಊರಿನ ಜನಕ್ಕೆ. 1552ರ ಒಂದು ಪತ್ರದಲ್ಲಿ ಇದು ದಾಖಲಾಗಿದೆ. ಮಧ್ಯೆ ಒಮ್ಮೆ ಆ ಜಾಗ ಖಾಸಗಿಯವರ ಕೈಸೇರಿದರೂ 1894ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಒಂದು ಕಾಯ್ದೆಯ ಬಲದಿಂದ ಪಟ್ಟಣದ ಆಡಳಿತ ಅದನ್ನು ಮತ್ತೆ ಪಡೆಯಿತು. ಜಗತ್ಪ್ರಸಿದ್ಧವಾದ ಅಲ್ಲಿನ ‘ಓಲ್ಡ್ ಕೋರ್ಸ್’ನಲ್ಲಿ ಭಾನುವಾರ ಸಾಮಾನ್ಯವಾಗಿ ಆಟವಿಲ್ಲ. ಅಂದು ಊರಿನ ಜನ ನಾಯಿ ಕರೆದುಕೊಂಡು, ಮಕ್ಕಳ ಕೈ ಹಿಡಿದುಕೊಂಡು ಅದರ ಮೇಲೆಯೇ ಅಡ್ಡಾಡುತ್ತಾರೆ.

ಈ ಆಟ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕಕ್ಕೆ ಬಂದದ್ದು ಮಾತ್ರ ಕ್ಲಬ್ಬುಗಳ ಮೂಲಕ. ಚಂದಾ ಕೊಡಬಲ್ಲ ಶ್ರೀಮಂತರು ಸೇರಿ ಜಮೀನು ಕೊಂಡು, ಬೇಲಿ ಹಾಕಿ ಆಡತೊಡಗಿದರು. ಆದರೂ ಬೇಗನೆ ಇನ್ನೊಂದು ದಾರಿ ತೆರೆಯಿತು. 1895ರಲ್ಲಿ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿರುವ ವ್ಯಾನ್ ಕಾರ್ಟ್‌ಲ್ಯಾಂಡ್ ಪಾರ್ಕಿನಲ್ಲಿ ಒಂಬತ್ತು ಕುಳಿಗಳ ಮೈದಾನವೊಂದು ಸಿದ್ಧವಾಯಿತು. ಅಮೆರಿಕದಲ್ಲಿ ನಗರಾಡಳಿತದ ಒಡೆತನದ ಮೊದಲ ಸಾರ್ವಜನಿಕ ಗಾಲ್ಫ್ ಮೈದಾನವೆಂದು ಅದಕ್ಕೆ ಹೆಸರು. 1899ರ ಹೊತ್ತಿಗೆ ಟಾಮ್ ಬೆಂಡೆಲೊ ಎಂಬಾತ ಅದನ್ನು ಹದಿನೆಂಟು ಕುಳಿಗಳಿಗೆ ಹಿಗ್ಗಿಸಿದ. ಬಳಿಕ ಒಂದೊಂದೇ ನಗರ ಇದನ್ನು ಅನುಸರಿಸಿತು. ಉದ್ಯಾನ, ಈಜುಕೊಳ, ಗ್ರಂಥಾಲಯಗಳ ಹಾಗೆ ಗಾಲ್ಫ್ ಮೈದಾನವೂ ನಗರದ ಜನರಿಗೆ ಒದಗಿಸಬೇಕಾದ ಸೌಕರ್ಯಗಳಲ್ಲೊಂದು ಎಂಬ ಭಾವನೆ ಬೆಳೆಯಿತು.

ಇಂಥ ಮೈದಾನದ ಸ್ವರೂಪವೇ ಬೇರೆ. ಮೆಂಬರಾಗಬೇಕಿಲ್ಲ, ಶಿಫಾರಸು ಬೇಕಿಲ್ಲ. ಕಿಟಕಿಯಲ್ಲಿ ಕಾಸು ಕೊಟ್ಟು ಚೀಟಿ ತೆಗೆದುಕೊಂಡು ಸರದಿಗಾಗಿ ಕಾಯಬೇಕು, ಅಷ್ಟೆ. ಹುಲ್ಲು ಅಲ್ಲಲ್ಲಿ ಸವೆದಿರುತ್ತದೆ. ಮುಂದಿನ ತಂಡ ನಿಧಾನ ಮಾಡಿದರೆ ಹಿಂದಿನವರು ಗೊಣಗುತ್ತಾರೆ. ಗಾಲ್ಫಿಗೆಂದೇ ಹೊಲಿಸಿದ ಬಟ್ಟೆ ತೊಟ್ಟವರು ಕಡಿಮೆ. ಕಾರ್ಖಾನೆಯ ಪಾಳಿ ಮುಗಿಸಿ ನೇರವಾಗಿ ಬಂದವರು ಹೆಚ್ಚು. ಪಾಠ ಹೇಳಿಕೊಡುವ ಗುರುವಿಗೆ ದುಡ್ಡು ತೆರುವ ಶಕ್ತಿ ಎಲ್ಲರಿಗೂ ಇಲ್ಲವಾದ್ದರಿಂದ ಕಲಿಯುವುದೆಲ್ಲ ನೋಡಿ, ಸೋತು, ಮತ್ತೆ ಆಡಿ.

ಫಿಲಡೆಲ್ಫಿಯಾದ ಕಾಬ್ಸ್ ಕ್ರೀಕ್ ಮೈದಾನ ಶುರುವಾದದ್ದು 1916ರಲ್ಲಿ. ಅದೇ ಹೆಸರಿನ ತೊರೆಯೊಂದು ಆ ಜಾಗದಲ್ಲಿ ಅಂಕುಡೊಂಕಾಗಿ ಹರಿಯುತ್ತದೆ. ಒಂದು ಹೊಡೆತ ಕೊಂಚ ತಪ್ಪಿದರೂ ಚೆಂಡು ನೀರುಪಾಲು. ಇದರ ನಕ್ಷೆ ಹಾಕಿದವರಲ್ಲಿ ಮುಖ್ಯನಾದವನು ಹ್ಯೂ ವಿಲ್ಸನ್. ಅದೇ ಊರಿನ ಹೊರವಲಯದಲ್ಲಿ 1912ರಲ್ಲಿ ಆರಂಭವಾದ ಮೆರಿಯನ್ ಕ್ಲಬ್ಬಿನ ಪೂರ್ವ ಮೈದಾನವನ್ನು ರೂಪಿಸಿದವನೂ ಇವನೇ. ಮೆರಿಯನ್ ಎಂದರೆ ಅಮೆರಿಕನ್ ಓಪನ್ ಐದು ಬಾರಿ ನಡೆದ ಜಾಗ. ಒಳಗೆ ಹೋಗಲು ಪ್ರತಿಷ್ಠಿತರಾಗಿರಬೇಕು. ಅದನ್ನು ಕಡೆದ ಕೈಯೇ ಊರಿನ ಕೂಲಿಕಾರರಿಗಾಗಿ ಇದನ್ನೂ ಕಡೆಯಿತು. ಹಾಗಾಗಿ ಸೌಕರ್ಯಗಳು ಬಡವಾಗಿದ್ದರೂ ಕಾಬ್ಸ್ ಕ್ರೀಕಿನ ಆಟ ಮಾತ್ರ ಸುಲಭದ್ದಾಗಿರಲಿಲ್ಲ.

ಇನ್ನೊಂದು ವಿಶೇಷವಿತ್ತು. ಕರಿಯ-ಬಿಳಿಯ ಎಂಬ ಭೇದವಿಲ್ಲದೆ ಕಾಸು ಕೊಟ್ಟವರಿಗೆಲ್ಲ ಅಲ್ಲಿ ಆಡಲು ಅವಕಾಶವಿತ್ತು. ಆ ಕಾಲದ ಅಮೆರಿಕದಲ್ಲಿ ಇದು ಅಪರೂಪ.

ಸಿಫೋರ್ಡ್ ಷಾರ್ಲಟ್ ಬಿಟ್ಟು ಫಿಲಡೆಲ್ಫಿಯಾಕ್ಕೆ ಬಂದಾಗ ಅವನಿಗೆ ಹದಿನೇಳು ವರ್ಷ. ಕ್ಯಾಡಿಯಾಗಿದ್ದಾಗಲೇ ಆಟ ಚೆನ್ನಾಗಿ ಒಲಿದಿತ್ತು. ಅಮೆರಿಕದ ಅನೇಕ ಕ್ಲಬ್ಬುಗಳಲ್ಲಿ ಸೋಮವಾರ ಮೆಂಬರುಗಳ ಆಟವಿರುತ್ತಿರಲಿಲ್ಲ, ಅಂದು ಕ್ಯಾಡಿಗಳಿಗೆ ಆಡಲು ಬಿಡುವ ಪದ್ಧತಿಯಿತ್ತು. ಹದಿಮೂರನೆಯ ವಯಸ್ಸಿಗೇ ಆತ ‘ಪಾರ್’, ಅಂದರೆ ನುರಿತ ಆಟಗಾರನಿಗೆ ಒಂದು ಸುತ್ತಿಗೆ ಬೇಕಾಗುವುದೆಂದು ಗೊತ್ತುಪಡಿಸಿದ ಹೊಡೆತಗಳ ಲೆಕ್ಕವನ್ನು ಮುಟ್ಟಬಲ್ಲವನಾಗಿದ್ದ. ಆದರೆ ಬೆಳೆಯುತ್ತ ಹೋದಂತೆ ಕರಿಯ ಹುಡುಗನ ಪ್ರತಿಭೆ ಕ್ಲಬ್ಬಿನವರ ಕಣ್ಣಿಗೆ ಬೇರೆಯಾಗಿಯೇ ಕಾಣತೊಡಗುತ್ತದೆ. ಚೀಲ ಹೊರುವವನು ಚೀಲದ ಯಜಮಾನನಿಗಿಂತ ಚೆನ್ನಾಗಿ ಆಡಿದರೆ ಸಹಿಸುವವರು ಎಷ್ಟು ಮಂದಿ?

ಫಿಲಡೆಲ್ಫಿಯಾದಲ್ಲಿ ಕರಿಯರು ಹಗಲುಹೊತ್ತಿನಲ್ಲಿ, ಎಲ್ಲರ ಕಣ್ಣೆದುರಿಗೆ, ತಮ್ಮದೇ ಚೀಲ ತಾವೇ ಹೊತ್ತುಕೊಂಡು ಗಾಲ್ಫ್ ಆಡುವುದನ್ನು ಅವನು ಕಂಡ. ಅಲ್ಲಿಯೇ ಅವನಿಗೆ ಸಿಕ್ಕಿದವನು ಹೊವಾರ್ಡ್ ವೀಲರ್. ಇವನೂ ಕ್ಯಾಡಿಯಾಗಿದ್ದವನೇ, ಅಟ್ಲಾಂಟದ ಕಡೆಯವನು. ಎತ್ತರದ ಸಪೂರ ಆಳು. ಅವನು ಕೋಲು ಹಿಡಿಯುತ್ತಿದ್ದ ರೀತಿಯೇ ವಿಚಿತ್ರ. ಬಲಗೈ ಆಟಗಾರರೆಲ್ಲ ಎಡಗೈ ಮೇಲೆ, ಬಲಗೈ ಕೆಳಗೆ ಇಟ್ಟು ಹಿಡಿದರೆ ಇವನದು ತದ್ವಿರುದ್ಧ. ಪುಸ್ತಕ ಓದಿ ಕಲಿತವರು ಇದನ್ನು ಕಂಡರೆ ತಲೆ ಚಚ್ಚಿಕೊಳ್ಳಬೇಕು. ಆದರೂ ಕರಿಯರ ಸಂಘಟನೆಯಾದ ಯುನೈಟೆಡ್ ಗಾಲ್ಫರ್ಸ್ ಅಸೋಸಿಯೇಷನ್ನಿನ ರಾಷ್ಟ್ರೀಯ ಪಂದ್ಯಾವಳಿಯನ್ನು ಆತ ಮತ್ತೆ ಮತ್ತೆ ಗೆದ್ದ. ದೂರದ ದಕ್ಷಿಣ ಆಫ್ರಿಕದಲ್ಲಿ, ಡರ್ಬನ್ನಿನ ಭಾರತೀಯ ಕುಟುಂಬವೊಂದರ ಕ್ಯಾಡಿ ಪಾಪ್ವಾ ಸೆವ್‌ಗೋಲಮ್ ಕೂಡ ಕೋಲನ್ನು ಹೀಗೆಯೇ ಹಿಡಿಯುತ್ತಿದ್ದ ಎಂಬುದು ಇಲ್ಲಿ ನೆನಪಾಗುತ್ತದೆ. ಡಚ್ ಓಪನ್ನನ್ನು ಮೂರು ಬಾರಿ ಗೆದ್ದ ಪಾಪ್ವಾ 1963ರಲ್ಲಿ ನಟಾಲ್ ಓಪನ್ ಗೆದ್ದಾಗ, ಬಿಳಿಯರ ಕ್ಲಬ್ ಕಟ್ಟಡದೊಳಕ್ಕೆ ಪ್ರವೇಶವಿಲ್ಲದ ಕಾರಣ ಹೊರಗೆ ಮಳೆಯಲ್ಲಿ ನಿಂತು ಬಹುಮಾನ ಪಡೆಯಬೇಕಾಯಿತು. ಹೇಳಿಕೊಡುವವರಿಲ್ಲದೆ ತಾವೇ ಕಲಿತವರ ಕೈಹಿಡಿತ ಸಾಗರದ ಎರಡು ದಡಗಳಲ್ಲೂ ಒಂದೇ ಬಗೆಯದಾಗಿತ್ತು. ಅವರಿಗೆ ಸಿಕ್ಕ ಮರ್ಯಾದೆಯೂ ಅಷ್ಟೆ.

ಪಣ ಕಟ್ಟಿ ಆಡುವುದು ಕಾಬ್ಸ್ ಕ್ರೀಕಿನಲ್ಲಿ ಮಾಮೂಲು. ದುಡಿದ ವಾರದ ಕೂಲಿಯನ್ನು ಮುಂದಿಟ್ಟು ವೀಲರನಂಥವನ ಎದುರು ನಿಂತಾಗ ಒಂದೊಂದು ಹೊಡೆತವೂ ಪಾಠವಾಗುತ್ತದೆ. ಕ್ಲಬ್ಬಿನ ಶುಲ್ಕಕ್ಕಿಂತ ದುಬಾರಿಯಾದ ಗುರುದಕ್ಷಿಣೆ! ಸಿಫೋರ್ಡ್ ಎರಡನೆಯ ಮಹಾಯುದ್ಧದಲ್ಲಿ ಸೈನಿಕನಾಗಿ ಓಕಿನಾವಾದವರೆಗೆ ಹೋಗಿಬಂದ. ಮರಳಿದ ಮೇಲೆ ಗಾಯಕ ಬಿಲ್ಲಿ ಎಕ್‌ಸ್ಟೈನನ ಬಳಿ ಸೇವಕನಾಗಿಯೂ ಗಾಲ್ಫ್ ಗುರುವಾಗಿಯೂ ಕೆಲಸ ಮಾಡಿದ. ವೀಲರ್ ಗೆಲ್ಲುತ್ತಿದ್ದ ರಾಷ್ಟ್ರೀಯ ಪಂದ್ಯಾವಳಿಯನ್ನು 1952ರಿಂದ 1956ರವರೆಗೆ ಸತತ ಐದು ವರ್ಷ ತಾನೇ ಗೆದ್ದ.

ಫಿಲಡೆಲ್ಫಿಯಾದಲ್ಲಿ ಕಂಡದ್ದನ್ನು ಇಡೀ ಅಮೆರಿಕದ ಚಿತ್ರವೆಂದು ಭಾವಿಸಿದರೆ ತಪ್ಪಾದೀತು. ‘ಸಾರ್ವಜನಿಕ’ ಎಂಬ ಮಾತಿಗೆ ಒಂದೊಂದು ಊರಿನಲ್ಲಿ ಒಂದೊಂದು ಅರ್ಥವಿತ್ತು. ತೆರಿಗೆ ಎಲ್ಲರದು, ಮೈದಾನ ಮಾತ್ರ ಕೆಲವರದು. ಸಿಫೋರ್ಡ್ ಹುಟ್ಟಿ ಬೆಳೆದ ಷಾರ್ಲಟ್ಟನ್ನೇ ನೋಡಿ. ಅಲ್ಲಿಯೂ ನಗರಾಡಳಿತದ ಉದ್ಯಾನವೊಂದರಲ್ಲಿ ಗಾಲ್ಫ್ ಮೈದಾನವಿತ್ತು. ಆ ಭೂಮಿಯ ಒಂದು ಭಾಗವನ್ನು 1929ರಲ್ಲಿ ದಾನ ಕೊಟ್ಟವರು ಪತ್ರದಲ್ಲಿ ಒಂದು ಷರತ್ತು ಬರೆಸಿದ್ದರು: ಇದು ಬಿಳಿಯರಿಗೆ ಮಾತ್ರ, ಬೇರೆಯವರು ಬಳಸಿದರೆ ಭೂಮಿ ದಾನಿಗೇ ವಾಪಸು. 1951ರಲ್ಲಿ ಊರಿನ ಕರಿಯ ಗಾಲ್ಫ್ ಆಟಗಾರರು ಇದರ ವಿರುದ್ಧ ನ್ಯಾಯಾಲಯಕ್ಕೆ ಹೋದರು. ಬಾಗಿಲು ತೆರೆಯಲು 1957 ಆಗಬೇಕಾಯಿತು. ದಾನಪತ್ರದ ಒಂದು ಸಾಲು ಒಂದು ಊರಿನ ಕರಿಯ ಜನರನ್ನು ಇಪ್ಪತ್ತೆಂಟು ವರ್ಷ ಹೊರಗೆ ನಿಲ್ಲಿಸಬಲ್ಲದು ಎಂದರೆ ಅಕ್ಷರದ ಶಕ್ತಿ ಸಾಮಾನ್ಯವಲ್ಲ.

ರಾಜಧಾನಿ ವಾಷಿಂಗ್ಟನ್ನಿನಲ್ಲಿ ಕರಿಯರಿಗೆಂದು ಪ್ರತ್ಯೇಕ ಮೈದಾನದ ವ್ಯವಸ್ಥೆಯಾಯಿತು. ಅಲ್ಲಿನ ಕತೆಯಲ್ಲಿ ಹೆಂಗಸರ ಪಾತ್ರ ದೊಡ್ಡದು. ಶನಿವಾರ ಭಾನುವಾರ ಗಂಡಂದಿರು ಗಾಲ್ಫ್ ಎಂದು ಹೊರಟರೆ ಮನೆಯಲ್ಲಿ ಉಳಿಯುತ್ತಿದ್ದ ಹೆಂಡಂದಿರು 1937ರಲ್ಲಿ ಹೆಲೆನ್ ವೆಬ್ ಹ್ಯಾರಿಸ್ ಎಂಬಾಕೆಯ ಮನೆಯಲ್ಲಿ ಸೇರಿ ತಮ್ಮದೇ ಗಾಲ್ಫ್ ಸಂಘ ಕಟ್ಟಿಕೊಂಡರು. ಕಾಡು ಹೂವೊಂದರ ಹೆಸರಿನಿಂದ ಅದಕ್ಕೆ ‘ವೇಕ್ ರಾಬಿನ್’ ಎಂದು ಹೆಸರಿಟ್ಟರು. ಆಟ ಕಲಿಯುವುದರ ಜೊತೆಗೆ, ಆಡಲು ತಕ್ಕ ಜಾಗ ಕೊಡಿ ಎಂದು ಒಳಾಡಳಿತ ಸಚಿವ ಹೆರಾಲ್ಡ್ ಇಕ್ಸ್ ಅವರಿಗೆ ಅರ್ಜಿ ಕೊಟ್ಟರು. 1939ರಲ್ಲಿ ಅನಕಾಸ್ಟಿಯಾ ನದಿಯ ಬಳಿ, ಹಿಂದೆ ಕಸ ಸುರಿಯುತ್ತಿದ್ದ ಜಾಗದಲ್ಲಿ, ಒಂಬತ್ತು ಕುಳಿಗಳ ಲ್ಯಾಂಗ್‌ಸ್ಟನ್ ಮೈದಾನ ಸಿದ್ಧವಾಯಿತು. ಅಷ್ಟಕ್ಕೇ ಯಾರೂ ತೃಪ್ತರಾಗಲಿಲ್ಲ. 1941ರಲ್ಲಿ ಕೆಲವರು ಬಿಳಿಯರಿಗೆ ಮೀಸಲಾಗಿದ್ದ ಈಸ್ಟ್ ಪೊಟೋಮ್ಯಾಕ್ ಮೈದಾನಕ್ಕೇ ಹೋಗಿ ಪೊಲೀಸರ ಕಾವಲಿನಲ್ಲಿ ಆಡಿದರು. ಇಕ್ಸ್ ಅವರ ಪರ ನಿಂತರು. ಕರಿಯರೂ ತೆರಿಗೆ ಕೊಡುವವರೇ ಎಂಬುದು ಅವರ ವಾದವಾಗಿತ್ತು.

ದಕ್ಷಿಣದ ಅಟ್ಲಾಂಟದಲ್ಲಿ ಆಲ್ಫ್ರೆಡ್ ಹೋಮ್ಸ್ ಎಂಬಾತ 1951ರಲ್ಲಿ ತನ್ನ ತಂದೆ, ಸೋದರ ಮತ್ತು ಗೆಳೆಯನೊಂದಿಗೆ ನಗರಾಡಳಿತದ ಮೈದಾನಕ್ಕೆ ಹೋದಾಗ ಹಿಂದಕ್ಕೆ ಕಳಿಸಿದರು. ಗಾಲ್ಫಿನ ಮಹಾಪುರುಷ ಬಾಬಿ ಜೋನ್ಸ್ ಹೆಸರಿನ ಮೈದಾನ ಅದು. ಹೋಮ್ಸ್ ಮೊಕದ್ದಮೆ ಹೂಡಿದ. ಕೆಳಗಿನ ಕೋರ್ಟು, ಬೇಕಾದರೆ ಕರಿಯರಿಗೆ ಬೇರೆ ದಿನಗಳನ್ನು ಗೊತ್ತುಮಾಡಿ ಎಂಬ ನಡುದಾರಿ ತೋರಿಸಿತು. ಆತ ಒಪ್ಪಲಿಲ್ಲ. 1955ರ ನವೆಂಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೋಮ್ಸ್ ಪರವಾಗಿ ಆಜ್ಞೆ ಹೊರಡಿಸಿತು. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಅದೇ ಕೋರ್ಟು ತೀರ್ಪಿತ್ತು ಆಗಿನ್ನೂ ಒಂದೂವರೆ ವರ್ಷವಾಗಿತ್ತು. ಅದೇ ಡಿಸೆಂಬರ್ 24ರಂದು, ಕ್ರಿಸ್‌ಮಸ್ಸಿನ ಮುನ್ನಾದಿನ, ಹೋಮ್ಸ್ ಬಳಗ ನಗರದ ಇನ್ನೊಂದು ಮೈದಾನದಲ್ಲಿ ಆಡಿತು. ಅವನ ಮಗ ಹ್ಯಾಮಿಲ್ಟನ್ ಹೋಮ್ಸ್ 1961ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಬಾಗಿಲು ತೆರೆಸಿದ ಇಬ್ಬರು ಕರಿಯ ವಿದ್ಯಾರ್ಥಿಗಳಲ್ಲಿ ಒಬ್ಬ.

ಅಟ್ಲಾಂಟದಲ್ಲಿ ಹೋಮ್ಸ್ ಗೆದ್ದ ಸುದ್ದಿ ಬಂದ ಒಂದೇ ತಿಂಗಳಿಗೆ, 1955ರ ಡಿಸೆಂಬರ್ 7ರಂದು, ನಾರ್ತ್ ಕರೊಲಿನಾದ ಗ್ರೀನ್ಸ್‌ಬರೊದಲ್ಲಿ ಜಾರ್ಜ್ ಸಿಮ್‌ಕಿನ್ಸ್ ಎಂಬ ದಂತವೈದ್ಯ ಐವರು ಗೆಳೆಯರೊಂದಿಗೆ ಗಿಲೆಸ್ಪಿ ಪಾರ್ಕ್ ಮೈದಾನಕ್ಕೆ ಹೋದ. (ದಂತವೈದ್ಯರಿಗೂ ಗಾಲ್ಫಿಗೂ ಹಳೆಯ ನಂಟು. ಚೆಂಡನ್ನು ನಿಲ್ಲಿಸುವ ಮರದ ಟೀಗೆ 1899ರಲ್ಲಿ ಪೇಟೆಂಟು ಪಡೆದ ಬಾಸ್ಟನ್ನಿನ ಜಾರ್ಜ್ ಗ್ರಾಂಟ್ ಕೂಡ ಕರಿಯ ದಂತವೈದ್ಯನೇ.) ಗ್ರೀನ್ಸ್‌ಬರೊದಲ್ಲಿ ಕರಿಯರಿಗೆಂದು ಇದ್ದ ಮೈದಾನ ಊರಿನ ಚರಂಡಿ ನೀರು ಶುದ್ಧೀಕರಿಸುವ ಘಟಕದ ಪಕ್ಕದಲ್ಲಿತ್ತು. ಗಿಲೆಸ್ಪಿ ಪಾರ್ಕು ಚೆನ್ನಾಗಿತ್ತು. ನಗರ ಅದನ್ನು ವರ್ಷಕ್ಕೆ ಒಂದು ಡಾಲರಿನ ಬಾಡಿಗೆಗೆ ಖಾಸಗಿ ಕ್ಲಬ್ಬೊಂದಕ್ಕೆ ಕೊಟ್ಟಿತ್ತು. ಹೆಸರಿಗೆ ಕ್ಲಬ್ಬು, ಆದರೆ ಬಿಳಿಯನಾದವನು ಯಾರೇ ಬಂದರೂ ಕಾಸು ಕೊಟ್ಟು ಆಡಬಹುದಿತ್ತು. ಜನರ ಸೊತ್ತನ್ನು ಜನರಿಂದ ತಪ್ಪಿಸಲು ಆಡಳಿತಗಳು ಹೂಡುವ ಉಪಾಯಗಳಲ್ಲಿ ಇದೂ ಒಂದು. ಎಲ್ಲ ದೇಶಗಳಲ್ಲೂ ಇದರ ತಮ್ಮಂದಿರು ಸಿಗುತ್ತಾರೆ.

ನೀವು ಆಡುವಂತಿಲ್ಲ ಎಂದರು ಅಲ್ಲಿನವರು. ಆರೂ ಮಂದಿ ತಲಾ ಎಪ್ಪತ್ತೈದು ಸೆಂಟು ಮೇಜಿನ ಮೇಲಿಟ್ಟು ಮೈದಾನಕ್ಕಿಳಿದರು. ಅಂದು ರಾತ್ರಿಯೇ ಅವರ ಬಂಧನವಾಯಿತು. ಆರೋಪ, ಅತಿಕ್ರಮ ಪ್ರವೇಶ. ತಮ್ಮ ಊರಿನ ಮೈದಾನದೊಳಕ್ಕೆ ಅತಿಕ್ರಮ ಪ್ರವೇಶ! ಶಿಕ್ಷೆ, ಮೂವತ್ತು ದಿನ ಜೈಲು. 1957ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ ಕೇಂದ್ರ ನ್ಯಾಯಾಲಯ ಕರಿಯರಿಗೂ ಮೈದಾನ ತೆರೆಯಬೇಕೆಂದು ಆದೇಶ ಕೊಟ್ಟಿತು. ಅದು ಜಾರಿಗೆ ಬರುವ ಮುನ್ನವೇ ಕ್ಲಬ್ಬಿನ ಕಟ್ಟಡ ಸುಟ್ಟುಹೋಯಿತು. ನಗರಾಡಳಿತ ಮೈದಾನವನ್ನೇ ಮುಚ್ಚಿಬಿಟ್ಟಿತು. ಎಲ್ಲರಿಗೂ ಕೊಡುವುದಕ್ಕಿಂತ ಯಾರಿಗೂ ಇಲ್ಲದಂತೆ ಮಾಡುವುದೇ ಲೇಸೆಂದು ತೋರಿತು. ಇತ್ತ ಅತಿಕ್ರಮ ಪ್ರವೇಶದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ 1960ರಲ್ಲಿ ಒಂದೇ ಮತದ ಅಂತರದಲ್ಲಿ, ಐದಕ್ಕೆ ನಾಲ್ಕರಿಂದ, ಸಿಮ್‌ಕಿನ್ಸ್ ಬಳಗ ಸೋತಿತು. ರಾಜ್ಯಪಾಲ ಲೂಥರ್ ಹಾಡ್ಜಸ್ ಜೈಲು ಶಿಕ್ಷೆಯನ್ನು ರದ್ದುಪಡಿಸಿದ್ದರಿಂದ ಅವರು ಒಳಗೆ ಹೋಗಲಿಲ್ಲ, ಅಷ್ಟೆ. ಮೈದಾನ ಮತ್ತೆ ತೆರೆದದ್ದು 1962ರ ಡಿಸೆಂಬರ್ 7ರಂದು, ಸರಿಯಾಗಿ ಏಳು ವರ್ಷಗಳ ಮೇಲೆ. ಮೊದಲ ಹೊಡೆತ ಹೊಡೆದವನು ಸಿಮ್‌ಕಿನ್ಸ್. ಆ ವೇಳೆಗೆ ಆತ ಇನ್ನೊಂದು ಮೊಕದ್ದಮೆಯಲ್ಲಿ ಮುಳುಗಿದ್ದ. ಸರ್ಕಾರದ ಹಣ ಪಡೆದ ಆಸ್ಪತ್ರೆಗಳಲ್ಲಿ ಕರಿಯರಿಗೆ ಜಾಗವಿಲ್ಲವೇಕೆ ಎಂಬುದು ಅದರ ಪ್ರಶ್ನೆ. 1963ರಲ್ಲಿ ಅದರಲ್ಲಿ ಗೆದ್ದ. ಅಮೆರಿಕದ ಆಸ್ಪತ್ರೆಗಳ ಇತಿಹಾಸದಲ್ಲಿ ಅದೊಂದು ಮೈಲಿಗಲ್ಲು.

ಈ ನಡುವೆ ಸಿಫೋರ್ಡ್ ಎಲ್ಲಿದ್ದ? ಸಾರ್ವಜನಿಕ ಮೈದಾನದಲ್ಲಿ ಕಲಿತ ಆಟವನ್ನು ತೋರಿಸಲು ಅವನಿಗೆ ವೇದಿಕೆ ಬೇಕಿತ್ತು. ದೊಡ್ಡ ಹಣದ ಪಂದ್ಯಗಳನ್ನೆಲ್ಲ ನಡೆಸುತ್ತಿದ್ದುದು ಪಿಜಿಎ ಎಂಬ ವೃತ್ತಿ ಆಟಗಾರರ ಸಂಘ. ಬಿಳಿಯ ಜನಾಂಗದವರಿಗೆ ಮಾತ್ರ ಸದಸ್ಯತ್ವ ಎಂದು ಅದರ ನಿಯಮಾವಳಿಯಲ್ಲೇ ಬರೆದಿತ್ತು. 1952ರಲ್ಲಿ ಕುಸ್ತಿಯಂಥ ಬಾಕ್ಸಿಂಗಿನ ಮಾಜಿ ವಿಶ್ವ ಚಾಂಪಿಯನ್ ಜೋ ಲೂಯಿ ಇದರ ವಿರುದ್ಧ ದನಿಯೆತ್ತಿದ ಮೇಲೆ ಕೆಲವು ಪಂದ್ಯಗಳಲ್ಲಿ ಆಹ್ವಾನದ ಮೇರೆಗೆ ಕರಿಯರಿಗೆ ಅವಕಾಶ ಸಿಕ್ಕಿತು. ಅದೇ ವರ್ಷ ಫೀನಿಕ್ಸಿನಲ್ಲಿ ಸಿಫೋರ್ಡ್ ಮತ್ತು ಜೊತೆಗಾರರು ಆಡಲು ಹೋಗಿ ಮೊದಲ ಕುಳಿಯಿಂದ ಬಾವುಟ ಎತ್ತಿದಾಗ, ಅದರೊಳಗೆ ಯಾರೋ ಮಲ ತುಂಬಿಸಿಟ್ಟಿದ್ದರು. ಕುಳಿಯನ್ನು ಬದಲಿಸುವವರೆಗೆ ಕಾದು ನಿಂತು ಆಟ ಮುಂದುವರಿಸಿದರು. ಸಿಫೋರ್ಡ್ 1992ರಲ್ಲಿ ಪ್ರಕಟಿಸಿದ ಆತ್ಮಕತೆಯಲ್ಲಿ ಇದನ್ನೆಲ್ಲ ಹೇಳಿಕೊಂಡಿದ್ದಾನೆ. ಸಾರ್ವಜನಿಕ ಮೈದಾನಗಳಲ್ಲಿ ಗೆದ್ದವರೇ ವಕೀಲರ ನೆರವಿನಿಂದ ಗೆದ್ದರು. ಖಾಸಗಿ ಸಂಘದೊಳಕ್ಕೆ ಹೋಗಲು ಆ ದಾರಿಯೂ ಸುಲಭವಾಗಿರಲಿಲ್ಲ. ಕೊನೆಗೆ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಸ್ಟ್ಯಾನ್ಲಿ ಮಾಸ್ಕ್, ತಮ್ಮ ರಾಜ್ಯದ ಸಾರ್ವಜನಿಕ ಮೈದಾನಗಳಲ್ಲಿ ಈ ಸಂಘಕ್ಕೆ ಪಂದ್ಯ ನಡೆಸಲು ಬಿಡುವುದಿಲ್ಲವೆಂದು ಪಟ್ಟುಹಿಡಿದರು. 1961ರ ನವೆಂಬರಿನಲ್ಲಿ ಸಂಘ ಆ ನಿಯಮವನ್ನು ಕಿತ್ತುಹಾಕಿತು. ಖಾಸಗಿಯವರ ಬಾಗಿಲಿನ ಬೀಗದ ಕೈ ಊರವರ ಮೈದಾನದಲ್ಲಿತ್ತು ಎನ್ನಬೇಕು.

ಅದೇ 1961ರ ವಸಂತದಲ್ಲಿ ಸಿಫೋರ್ಡ್ ಆಡಲು ಹೋದದ್ದು ಗ್ರೀನ್ಸ್‌ಬರೊ ನಗರಕ್ಕೆ. ಸಿಮ್‌ಕಿನ್ಸನ ಊರು. ಆಗಿನ್ನೂ ಗಿಲೆಸ್ಪಿ ಪಾರ್ಕಿಗೆ ಬೀಗ. ದಕ್ಷಿಣದ ರಾಜ್ಯವೊಂದರಲ್ಲಿ ಪಿಜಿಎ ಪಂದ್ಯ ಆಡಿದ ಮೊದಲ ಕರಿಯ ಆತ. ಮೊದಲ ದಿನ 68 ಹೊಡೆತಗಳಲ್ಲಿ ಸುತ್ತು ಮುಗಿಸಿ ಮುಂದಿದ್ದ. ರಾತ್ರಿ ಫೋನಿನಲ್ಲಿ ಕೊಲೆ ಬೆದರಿಕೆ. ಮರುದಿನ ಮೈದಾನದುದ್ದಕ್ಕೂ ಒಂದು ಗುಂಪು ಹಿಂದೆ ಬಿದ್ದು ಬೈಯುತ್ತ ಬಂತು. ಅವನು ನಾಲ್ಕನೆಯ ಸ್ಥಾನದಲ್ಲಿ ಮುಗಿಸಿದ.

ಪೂರ್ಣ ಸದಸ್ಯತ್ವ ಸಿಕ್ಕಾಗ ವಯಸ್ಸು ನಲವತ್ತು ದಾಟಿತ್ತು. ಅದೇ 1964ರಲ್ಲಿ ಪೀಟ್ ಬ್ರೌನ್ ಪಿಜಿಎ ಪಂದ್ಯವೊಂದನ್ನು ಗೆದ್ದ ಮೊದಲ ಕರಿಯನಾದ. ಸಿಫೋರ್ಡ್ ಗೆದ್ದದ್ದು 1967ರಲ್ಲಿ ಹಾರ್ಟ್‌ಫರ್ಡಿನಲ್ಲಿ, ಕೊನೆಯ ದಿನ 64 ಹೊಡೆತಗಳ ಸುತ್ತಿನೊಂದಿಗೆ. ಎರಡನೆಯ ಗೆಲುವು ಬಂದದ್ದು 1969ರ ಲಾಸ್ ಏಂಜಲೀಸ್ ಓಪನ್ನಿನಲ್ಲಿ. ಆಗ ಅವನಿಗೆ 46 ವರ್ಷ. ಮೊದಲ ದಿನವೇ 63. ಕೊನೆಗೆ ದಕ್ಷಿಣ ಆಫ್ರಿಕದ ಬಿಳಿಯ ಆಟಗಾರ ಹೆರಾಲ್ಡ್ ಹೆನ್ನಿಂಗ್ ಜೊತೆ ಸಮಬಲವಾಗಿ, ಹೆಚ್ಚುವರಿ ಆಟದ ಮೊದಲ ಕುಳಿಯಲ್ಲೇ ಗೆದ್ದ. ಪಂದ್ಯ ನಡೆದ ರ‍್ಯಾಂಚೊ ಪಾರ್ಕ್ ಯಾವ ಕ್ಲಬ್ಬಿನದೂ ಅಲ್ಲ, ಲಾಸ್ ಏಂಜಲೀಸ್ ನಗರಕ್ಕೆ ಸೇರಿದ್ದು. ಪಂದ್ಯ ಮುಗಿದ ಮೇಲೆ ಅಂಗಡಿಯವನೂ ಬಸ್ ಡ್ರೈವರನೂ ಅದೇ ಹುಲ್ಲಿನ ಮೇಲೆ ಕಾಸು ಕೊಟ್ಟು ಆಡುವಂಥ ಜಾಗ. ಅಲ್ಲಿಯೇ 1961ರಲ್ಲಿ ಆರ್ನಾಲ್ಡ್ ಪಾಮರನಂಥ ಪಾಮರ ಒಂದೇ ಕುಳಿಗೆ 12 ಹೊಡೆತ ತೆಗೆದುಕೊಂಡಿದ್ದ. ಆ ಪ್ರಸಂಗದ ನೆನಪಿಗೆ ಅಲ್ಲೊಂದು ಫಲಕವನ್ನೇ ಹಾಕಿದ್ದಾರೆ. ದೊಡ್ಡವರು ಸೋತ ಜಾಗಕ್ಕೆ ಫಲಕ ಹಾಕುವ ಬುದ್ಧಿ ಸಾರ್ವಜನಿಕ ಮೈದಾನಕ್ಕಷ್ಟೇ ಬಂದೀತು.

ಇಷ್ಟಾದರೂ ಅಗಸ್ಟಾದಲ್ಲಿ ನಡೆಯುವ ಮಾಸ್ಟರ್ಸ್ ಪಂದ್ಯಾವಳಿಯ ಆಹ್ವಾನ ಸಿಫೋರ್ಡನಿಗೆ ಒಮ್ಮೆಯೂ ಬರಲಿಲ್ಲ. ಅಲ್ಲಿ ಆಡಿದ ಮೊದಲ ಕರಿಯ ಲೀ ಎಲ್ಡರ್, 1975ರಲ್ಲಿ. ವಾಷಿಂಗ್ಟನ್ನಿನ ಆ ಲ್ಯಾಂಗ್‌ಸ್ಟನ್ ಮೈದಾನದ ಉಸ್ತುವಾರಿಯನ್ನು ಮುಂದೆ ಕೆಲಕಾಲ ನೋಡಿಕೊಂಡವನೂ ಈತನೇ. ಸಿಫೋರ್ಡನಿಗೆ ಗೌರವಗಳು ಬಂದವು, ಮುಪ್ಪಿನಲ್ಲಿ. 2004ರಲ್ಲಿ ವಿಶ್ವ ಗಾಲ್ಫ್ ಕೀರ್ತಿಮಂದಿರದಲ್ಲಿ ಸ್ಥಾನ. 2006ರಲ್ಲಿ ಗೌರವ ಡಾಕ್ಟರೇಟ್. ಕೊಟ್ಟದ್ದು ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯ, ಊರವರ ಹುಲ್ಲುಗಾವಲಿನಲ್ಲಿ ಗಾಲ್ಫ್ ಬೆಳೆದ ಅದೇ ಪಟ್ಟಣ. 2014ರಲ್ಲಿ ಅಧ್ಯಕ್ಷ ಬರಾಕ್ ಒಬಾಮ ಅವರಿಂದ ಅಮೆರಿಕದ ಅತ್ಯುನ್ನತ ನಾಗರಿಕ ಪ್ರಶಸ್ತಿ. ಮರುವರ್ಷದ ಫೆಬ್ರುವರಿಯಲ್ಲಿ ತೀರಿಕೊಂಡ. ಲಾಂಗ್ ಬೀಚಿನ ಪುಟ್ಟ ಸಾರ್ವಜನಿಕ ಮೈದಾನವೊಂದರಲ್ಲಿ ನಾಲ್ಕನೆಯ ವಯಸ್ಸಿನಲ್ಲೇ ಪಾಠ ಶುರುಮಾಡಿದ ಟೈಗರ್ ವುಡ್ಸ್ ತನ್ನ ಮಗನಿಗೆ ಚಾರ್ಲಿ ಎಂದು ಹೆಸರಿಟ್ಟದ್ದು ಇವನ ನೆನಪಿಗೆ.

ಕಾಬ್ಸ್ ಕ್ರೀಕಿಗೆ ಮಾತ್ರ ಅಷ್ಟು ಒಳ್ಳೆಯ ಮುಪ್ಪು ಬರಲಿಲ್ಲ. ಶೀತಲ ಸಮರದ ಕಾಲದಲ್ಲಿ ಸೈನ್ಯ ವಿಮಾನ ಹೊಡೆಯುವ ತೋಪುಗಳಿಗಾಗಿ ಅದರ ಒಂದು ಭಾಗವನ್ನು ತೆಗೆದುಕೊಂಡದ್ದರಿಂದ ಹ್ಯೂ ವಿಲ್ಸನ್ನನ ನಕ್ಷೆ ಕೆಟ್ಟಿತು. ತೊರೆ ಪ್ರತಿ ಮಳೆಗೂ ದಡ ಕೊರೆಯಿತು. ಹಣದ ಕೊರತೆ ಬೇರೆ. 2016ರ ಜನವರಿಯಲ್ಲಿ ಹಳೆಯ ಕ್ಲಬ್ ಕಟ್ಟಡ ಬೆಂಕಿಗೆ ಆಹುತಿಯಾಯಿತು. 2020ರಲ್ಲಿ ಮೈದಾನ ಮುಚ್ಚಿತು. ಬಳಿಕ ಅದರ ಅಭಿಮಾನಿಗಳು ಪ್ರತಿಷ್ಠಾನವೊಂದನ್ನು ಕಟ್ಟಿ, ತೊರೆಯ ದಡ ಭದ್ರಪಡಿಸಿ ಹಳೆಯ ನಕ್ಷೆಯಂತೆ ಮೈದಾನವನ್ನು ಮತ್ತೆ ಕಟ್ಟುವ ಕೆಲಸ ಕೈಗೆತ್ತಿಕೊಂಡರು. ಟೈಗರ್ ವುಡ್ಸ್‌ನ ಸಂಸ್ಥೆಯೂ ಅದರಲ್ಲಿ ಕೈಜೋಡಿಸಿತು.

ಇನ್ನು ಷಾರ್ಲಟ್. ದಾನಪತ್ರದಲ್ಲಿ ಬಿಳಿಯರಿಗೆ ಮಾತ್ರ ಎಂದು ಬರೆಸಿದ್ದ ಆ ಮೈದಾನ, ಹತ್ತು ವರ್ಷದ ಕ್ಯಾಡಿ ಹುಡುಗ ಕಾಲಿಡುವಂತಿಲ್ಲದ ಆ ಮೈದಾನ, ಒಂಬತ್ತು ಕುಳಿಗಳೊಂದಿಗೆ ಉಳಿದುಕೊಂಡಿದೆ. 2011ರಲ್ಲಿ ಅದರ ಹೆಸರು ಬದಲಾಯಿತು. ಈಗ ಅದು ಡಾ. ಚಾರ್ಲ್ಸ್ ಎಲ್. ಸಿಫೋರ್ಡ್ ಗಾಲ್ಫ್ ಮೈದಾನ.